ಉಂಗುರಬೆರಳಿನ ಉದ್ದವೂ ಲಿಥಿಯಂ ಮಾತ್ರೆಯೂ

ಐದು ಬೆರಳೂ ಒಂದೇ ಸಮ ಇರುತ್ತವೆಯೇ ಎಂಬ ಮಾತಿಲ್ಲದೆ ನಮ್ಮಲ್ಲಿ ಯಾವ ಪಂಚಾಯಿತಿಯೂ ಮುಗಿಯುವುದಿಲ್ಲ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವಾಗ ಅದೇ ಮಾತು, ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗಲೂ ಅದೇ ಮಾತು. ಬೆರಳುಗಳು ಸಮ ಇಲ್ಲವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಏಕೆ ಸಮ ಇಲ್ಲ, ಎಷ್ಟರಮಟ್ಟಿಗೆ ಸಮ ಇಲ್ಲ ಎಂದು ಕೇಳುವವರು ಕಡಿಮೆ. ಹಾಗೆ ಕೇಳಿ, ಅಳತೆಗೋಲು ಹಿಡಿದು ಕೂತವರ ಕತೆ ಬಲು ಸ್ವಾರಸ್ಯವಾದದ್ದು. ತಾಯಿಯ ಗರ್ಭದಲ್ಲಿ ಶುರುವಾಗುವ ಆ ಕತೆ ಮನೋವೈದ್ಯರ ಕೋಣೆಯ ಬಾಗಿಲವರೆಗೂ ಬರುತ್ತದೆ.

ಮೊದಲು ಅಳತೆಯ ವಿಷಯ. ಬಲಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಡಿ. ತೋರುಬೆರಳು ಅಂಗೈಗೆ ಸೇರುವ ಕಡೆ ಒಂದೆರಡು ಗೆರೆಗಳಿರುತ್ತವೆ. ಅವುಗಳಲ್ಲಿ ಅಂಗೈಗೆ ತೀರ ಹತ್ತಿರದ ಗೆರೆಯ ನಡುವಿನಿಂದ ಬೆರಳ ತುದಿಯವರೆಗೆ ಅಳೆಯಬೇಕು. ಬೆಳೆದ ಉಗುರು ಲೆಕ್ಕಕ್ಕಿಲ್ಲ. ಉಂಗುರಬೆರಳಿಗೂ ಹಾಗೆಯೇ. ತೋರುಬೆರಳು 70 ಮಿಲಿಮೀಟರ್, ಉಂಗುರಬೆರಳು 72 ಎಂದಿಟ್ಟುಕೊಳ್ಳೋಣ. 70ನ್ನು 72ರಿಂದ ಭಾಗಿಸಿದರೆ ಸುಮಾರು 0.97 ಬರುತ್ತದೆ. ಈ ಸಣ್ಣ ಸಂಖ್ಯೆಯೇ ಬೆರಳ ಅನುಪಾತ. ಸರಾಸರಿ ತೆಗೆದರೆ ಗಂಡಸರಲ್ಲಿ ಉಂಗುರಬೆರಳು ಕೊಂಚ ಉದ್ದ, ಆದ್ದರಿಂದ ಸಂಖ್ಯೆ ಕಡಿಮೆ. ಹೆಂಗಸರಲ್ಲಿ ಎರಡು ಬೆರಳೂ ಹೆಚ್ಚುಕಡಿಮೆ ಸರಿಸಮ, ಸಂಖ್ಯೆ ಒಂದರ ಹತ್ತಿರ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಅಲೆಕ್ಸಾಂಡರ್ ಎಕರ್ 1875ರಲ್ಲಿಯೇ ಇದನ್ನು ಗಮನಿಸಿ ಬರೆದಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಮೂಲೆಯಲ್ಲಿ ಬಿದ್ದಿತ್ತು. 1998ರಲ್ಲಿ ಇಂಗ್ಲೆಂಡಿನ ಜಾನ್ ಮ್ಯಾನಿಂಗ್ ಮತ್ತು ಜೊತೆಗಾರರು ಈ ಅನುಪಾತವನ್ನು ಹಾರ್ಮೋನಿಗೆ ಗಂಟು ಹಾಕಿ ಪ್ರಬಂಧ ಬರೆದರು. ಅಲ್ಲಿಂದ ಬೆರಳಿಗೆ ಶುಕ್ರದೆಸೆ ಬಂತು.

ಗಂಟು ಹಾಕಿದ್ದು ಹೀಗೆ. ಗಂಡು ಭ್ರೂಣದ ವೃಷಣಗಳು ಗರ್ಭದ ಎಂಟನೆಯ ವಾರದ ಹೊತ್ತಿಗೆ ಟೆಸ್ಟೋಸ್ಟಿರೋನ್ ತಯಾರಿಸಲು ತೊಡಗುತ್ತವೆ. ಅದೇ ಮೂರನೆಯ, ನಾಲ್ಕನೆಯ ತಿಂಗಳಲ್ಲಿ ಬೆರಳುಗಳೂ ತಮ್ಮ ಅಳತೆ ಹಿಡಿಯುತ್ತವೆ, ಮೆದುಳೂ ಕಟ್ಟಿಕೊಳ್ಳುತ್ತಿರುತ್ತದೆ. ಆ ದಿನಗಳಲ್ಲಿ ಮಗುವಿನ ರಕ್ತದಲ್ಲಿ ಯಾವ ಹಾರ್ಮೋನ್ ಎಷ್ಟಿತ್ತು ಎಂದು ಬೆಳೆದು ನಿಂತ ಮೇಲೆ ಕೇಳಿದರೆ ಯಾರು ಹೇಳಬೇಕು? ಹೆತ್ತವಳಿಗೂ ಗೊತ್ತಿರುವುದಿಲ್ಲ. ಆ ಕಾಲದ ಗುರುತೊಂದು ಬೆರಳಲ್ಲಿ ಉಳಿದಿರಬಹುದು ಎಂಬುದು ಮ್ಯಾನಿಂಗರ ಊಹೆ. ಇದಕ್ಕೆ ಒಳ್ಳೆಯ ಆಧಾರ ಕೊಟ್ಟವರು ಫ್ಲಾರಿಡಾ ವಿಶ್ವವಿದ್ಯಾಲಯದ ಝೆಂಗ್ ಮತ್ತು ಮಾರ್ಟಿನ್ ಕೋನ್. 2011ರಲ್ಲಿ ಅವರು ಇಲಿಗಳಲ್ಲಿ ತೋರಿಸಿದ್ದೇನೆಂದರೆ, ಗಂಡು ಮತ್ತು ಹೆಣ್ಣು ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಗ್ರಾಹಿಗಳು ನಾಲ್ಕನೆಯ ಬೆರಳಿನಲ್ಲಿ ಹೆಚ್ಚು. ಗಂಡು ಹಾರ್ಮೋನಿನ ಗ್ರಾಹಿಯನ್ನು ಕೆಲಸ ಮಾಡದಂತೆ ತಡೆದರೆ ಆ ಬೆರಳು ಮೊಟಕಾಗುತ್ತದೆ. ಹೆಣ್ಣು ಹಾರ್ಮೋನಿನದನ್ನು ತಡೆದರೆ ಉದ್ದವಾಗುತ್ತದೆ. ಉಂಗುರ ತೊಡುವ ಬೆರಳಿಗೆ ಇಂಥದೊಂದು ಹಿನ್ನೆಲೆ ಇದೆಯೆಂದು ತಿಳಿದಾಗ ನನಗಂತೂ ಬಹಳ ಸಂತೋಷವಾಯಿತು.

ಕೈ ನೋಡುವ ಹಂಬಲ ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ಸೋದರತ್ತೆ ಬಾಣಂತಿಯನ್ನು ನೋಡಲು ಹೋದರೆ ಮೊದಲು ಕೂಸಿನ ಮುಷ್ಟಿ ಬಿಡಿಸುತ್ತಿದ್ದರು. "ನೋಡೇ, ಎಷ್ಟು ನೀಳ ಬೆರಳು, ಇವಳು ವೀಣೆ ನುಡಿಸ್ತಾಳೆ" ಎಂದೋ, "ದಪ್ಪ ಬೆರಳು ಕಣಮ್ಮ, ಕೆಲಸಗಾರ ಆಗ್ತಾನೆ" ಎಂದೋ ಹೇಳಿ ಹೆತ್ತವಳ ಮುಖದಲ್ಲಿ ನಗು ತರಿಸುತ್ತಿದ್ದರು. ಜಾತ್ರೆಯಲ್ಲಿ ಗಿಳಿ ಶಾಸ್ತ್ರದವರ ಪಕ್ಕದಲ್ಲೇ ಹಸ್ತಸಾಮುದ್ರಿಕದವರು ಅಂಗೈ ಚಿತ್ರದ ಬೋರ್ಡು ಇಟ್ಟುಕೊಂಡು ಕೂತಿರುತ್ತಾರೆ. ಮುಂದೇನಾಗುತ್ತದೋ ಎಂಬ ಭಯ ಮನುಷ್ಯನಿಗೆ ಇರುವವರೆಗೂ ಅವರ ಮುಂದೆ ಕೈ ಚಾಚುವವರು ಇರುತ್ತಾರೆ. ಹಾಗಾಗಿ ವಿಜ್ಞಾನಿಯೊಬ್ಬರು ಬೆರಳಲ್ಲಿ ಏನೋ ಇದೆ ಎಂದಾಗ ಲೋಕವೆಲ್ಲ ಕಿವಿ ನಿಮಿರಿಸಿದ್ದು ಸಹಜವೇ. 2005ರಲ್ಲಿ ಬಿಬಿಸಿ ನಡೆಸಿದ ಅಂತರ್ಜಾಲ ಸಮೀಕ್ಷೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡರು, ಅದರಲ್ಲಿ ತಮ್ಮ ಬೆರಳನ್ನು ತಾವೇ ಅಳೆದು ಬರೆಯುವುದೂ ಒಂದು ಭಾಗ. ಓಟಗಾರರ ಬೆರಳು, ಷೇರು ವ್ಯಾಪಾರಿಗಳ ಬೆರಳು, ಆಟಿಸಂ ಇರುವ ಮಕ್ಕಳ ಬೆರಳು, ಹೃದಯಾಘಾತವಾದವರ ಬೆರಳು, ಎಲ್ಲವನ್ನೂ ಅಳೆದದ್ದಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೂ ಸ್ಕಿಜೋಫ್ರೀನಿಯಾ ಇರುವವರ ಎರಡು ಕೈಗಳ ಅನುಪಾತ ಹೋಲಿಸಿ 2011ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ.

ಅಳೆಯುವವರಿಗೆ ಎದುರಾದ ಕಷ್ಟಗಳನ್ನೂ ಹೇಳಬೇಕು. ಗಂಡಸರ ಸರಾಸರಿಗೂ ಹೆಂಗಸರ ಸರಾಸರಿಗೂ ವ್ಯತ್ಯಾಸ ಇದೆಯೆಂಬುದು ಸಾವಿರಾರು ಕೈಗಳಲ್ಲಿ ಖಚಿತವಾಗಿದೆ. ಆದರೆ ಆ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಬರೀ ಎತ್ತರ ಹೇಳಿ ಗಂಡೋ ಹೆಣ್ಣೋ ಊಹಿಸಿ ಎಂದರೆ ನೀವು ಎಷ್ಟು ಸಲ ಎಡವುತ್ತೀರೋ, ಬೆರಳ ಅನುಪಾತ ಹೇಳಿದರೆ ಅದಕ್ಕಿಂತ ಬಹಳ ಹೆಚ್ಚು ಸಲ ಎಡವುತ್ತೀರಿ. ಒಂದು ದೇಶದವರಿಗೂ ಇನ್ನೊಂದು ದೇಶದವರಿಗೂ ನಡುವಿನ ಅಂತರ ಗಂಡುಹೆಣ್ಣಿನ ಅಂತರವನ್ನೇ ಮೀರುವುದುಂಟು. ಕೈಯನ್ನು ನೇರವಾಗಿ ಅಳೆದರೆ ಒಂದು ಸಂಖ್ಯೆ, ಗಾಜಿನ ಮೇಲೆ ಒತ್ತಿ ಜೆರಾಕ್ಸ್ ತೆಗೆದು ಅಳೆದರೆ ಅದಕ್ಕಿಂತ ಕಡಿಮೆ. ಗರ್ಭದಲ್ಲೇ ಗಂಡು ಹಾರ್ಮೋನ್ ಹೆಚ್ಚಾಗುವ ಅಡ್ರಿನಲ್ ಗ್ರಂಥಿಯ ಕಾಯಿಲೆಯೊಂದಿದೆ. ಅದಿರುವ ಹೆಣ್ಣುಮಕ್ಕಳಲ್ಲಿ ಅನುಪಾತ ಗಂಡಸರ ಕಡೆಗೆ ವಾಲಿದೆಯೆಂದು ಕೆಲವು ಅಧ್ಯಯನಗಳು ತೋರಿಸಿವೆ, ಕೆಲವು ಹಾಗೇನೂ ಕಾಣಲಿಲ್ಲ ಎಂದಿವೆ. ಒಟ್ಟಿನಲ್ಲಿ ಇದು ಗುಂಪಿಗೆ ಹೇಳುವ ಮಾತು. ಸಾವಿರ ಜನರ ಸರಾಸರಿಯ ಬಗ್ಗೆ ಅದು ಏನೋ ಹೇಳೀತು. ಎದುರಿಗೆ ಕೂತ ಒಬ್ಬರ ಬಗ್ಗೆ ಹೇಳುವ ಶಕ್ತಿ ಅದಕ್ಕಿಲ್ಲ.

ಇನ್ನು ಮನಸ್ಸಿನ ಕಡೆಗೆ ಬರೋಣ. ಬೈಪೋಲಾರ್ ಕಾಯಿಲೆಯ ಹೆಸರು ಈಗೀಗ ಎಲ್ಲರ ಬಾಯಲ್ಲಿದೆ. ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ, ನಡುನಡುವೆ ತಿಂಗಳುಗಟ್ಟಲೆ ಕೆಲವೊಮ್ಮೆ ವರ್ಷಗಟ್ಟಲೆ ಎಲ್ಲರಂತೆ ನೆಮ್ಮದಿಯ ಬದುಕು. ಜರ್ಮನಿಯ ಎಮಿಲ್ ಕ್ರೆಪೆಲಿನ್ 1899ರಲ್ಲಿ ಇದನ್ನು ಬೇರೆ ಮಾನಸಿಕ ಕಾಯಿಲೆಗಳಿಂದ ವಿಂಗಡಿಸಿ ಹೇಳಿದಾಗ ಅವರು ಮುಖ್ಯವಾಗಿ ನೋಡಿದ್ದು ಕಾಲಾಂತರದಲ್ಲಿ ಕಾಯಿಲೆ ನಡೆದ ದಾರಿಯನ್ನು. ಉನ್ಮಾದ ಬಂದಾಗ ಮನುಷ್ಯನಿಗೆ ನಿದ್ದೆ ಬೇಡ, ಆದರೂ ಸುಸ್ತಿಲ್ಲ. ಮಾತು ಮಾತು ಮಾತು. ಸಾಲ ಮಾಡಿ ಮೂರು ಬೈಕು ಬುಕ್ ಮಾಡಿ ಬರುತ್ತಾನೆ, ಮಧ್ಯರಾತ್ರಿ ನೆಂಟರಿಗೆಲ್ಲ ಫೋನು. ಮನೆಯವರು ಮೊದಲು "ಏನೋ ಲವಲವಿಕೆಯಿಂದಿದ್ದಾನೆ" ಎಂದುಕೊಳ್ಳುತ್ತಾರೆ, ಆಮೇಲೆ "ಗಾಳಿ ಸೋಕಿದೆ" ಎನ್ನುತ್ತಾರೆ, ಕೊನೆಗೆ ಆಸ್ಪತ್ರೆ. ಖಿನ್ನತೆ ಬಂದಾಗ ಅದೇ ಮನುಷ್ಯ ಗೋಡೆ ಕಡೆ ತಿರುಗಿ ಮಲಗಿದರೆ ಹಲ್ಲುಜ್ಜುವುದೂ ಬೆಟ್ಟ ಹತ್ತುವ ಕೆಲಸ. ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಕಾಯಿಲೆ ಇರುವವರಲ್ಲಿ ಸುಮಾರು ಶೇಕಡ 70 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಚಿಕಿತ್ಸೆ ಸಿಕ್ಕವರಿಗೂ ಸಂಕಟ ತಪ್ಪಿದ್ದಲ್ಲ. ಲಿಥಿಯಂ ಇದೆ, ವಾಲ್ಪ್ರೊಯೇಟ್ ಇದೆ, ಬೇರೆ ಮಾತ್ರೆಗಳೂ ಇವೆ. ಯಾವುದು ಯಾರಿಗೆ ಒಗ್ಗುತ್ತದೆ? ಕೊಟ್ಟೇ ನೋಡಬೇಕು. ಉನ್ಮಾದ ಇಳಿಯುವುದು ಕೆಲವು ವಾರಗಳಲ್ಲಿ ಗೊತ್ತಾಗುತ್ತದೆ. ಮತ್ತೆ ಬಾರದಂತೆ ಮಾತ್ರೆ ಕಾಯುತ್ತಿದೆಯೇ ಎಂಬುದು ಗೊತ್ತಾಗಬೇಕಾದರೆ ವರ್ಷ, ಎರಡು ವರ್ಷ ಕಾಯಬೇಕು. ಆ ಎರಡು ವರ್ಷದಲ್ಲಿ ಒಬ್ಬರ ಕೆಲಸ ಹೋಗಬಹುದು, ಮದುವೆ ಮುರಿಯಬಹುದು, ಜೀವವೇ ಹೋಗಬಹುದು. ಆದ್ದರಿಂದಲೇ ಮೊದಲೇ ಹೇಳಬಲ್ಲ ಒಂದು ಗುರುತಿಗಾಗಿ ವೈದ್ಯರು ಹಾತೊರೆಯುತ್ತಾರೆ. ಗರ್ಭದ ಹಾರ್ಮೋನ್ ಮೆದುಳನ್ನೂ ತಿದ್ದಿದೆ, ಬೆರಳನ್ನೂ ತಿದ್ದಿದೆ; ಹಾಗಾದರೆ ಬೆರಳು ಅಳೆದು ಈ ಮೆದುಳಿಗೆ ಈ ಮದ್ದು ಹಿಡಿಸುತ್ತದೆಂದು ಹೇಳಲಾದೀತೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡಲಾರೆ. ಎರಡು ನಿಮಿಷದ ಅಳತೆಯಿಂದ ಎರಡು ವರ್ಷದ ಗೋಳು ತಪ್ಪುವುದಾದರೆ ಬೇಡವೆನ್ನುವವರು ಯಾರು?

ಉತ್ತರಕ್ಕೆ ಮೊದಲು ಲಿಥಿಯಂ ಎಂಬ ಮದ್ದಿನ ಕತೆ ಹೇಳದಿದ್ದರೆ ಈ ಹರಟೆ ಪೂರ್ತಿಯಾಗದು. ಬ್ರಹ್ಮಾಂಡ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಜಲಜನಕ, ಹೀಲಿಯಂ ಜೊತೆಗೆ ಚೂರುಪಾರು ಹುಟ್ಟಿಕೊಂಡ ಧಾತು ಇದು. ಸ್ವೀಡನ್ನಿನ ಆರ್ಫ್‌ವೆಡ್‌ಸನ್ 1817ರಲ್ಲಿ ಇದನ್ನು ಒಂದು ಕಲ್ಲಿನಲ್ಲಿ ಪತ್ತೆಹಚ್ಚಿದರು. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣ ಭಾಗದ ಕಲ್ಲುಗಳಲ್ಲಿಯೂ ಇದಿದೆ. ಅಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು 1,600 ಟನ್ ಎಂದು 2021ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಪತ್ರಿಕೆಗಳೆಲ್ಲ ಮೊಬೈಲು, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯ ಬಗ್ಗೆಯೇ ಬರೆದವು. ಕಬ್ಬಿನ ಗದ್ದೆಗಳ ಸೀಮೆಯ ಆ ಕಲ್ಲಿನೊಳಗಿನ ಧಾತು ಲಕ್ಷಾಂತರ ಮನೆಗಳಲ್ಲಿ ನೆಮ್ಮದಿ ಕಾಪಾಡುವ ಮಾತ್ರೆಯಲ್ಲೂ ಇದೆಯೆಂದು ಯಾರಾದರೂ ಬರೆಯಬಹುದಿತ್ತು.

ಮದ್ದಾಗಿಸಿದವರು ಆಸ್ಟ್ರೇಲಿಯಾದ ಜಾನ್ ಕೇಡ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕಿ ಸಿಂಗಪುರದ ಚಾಂಗಿ ಸೆರೆಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಕಳೆದು ಬಂದ ಮನೋವೈದ್ಯ. ಮೆಲ್ಬರ್ನಿನ ಹೊರವಲಯದ ಬಂಡೂರಾ ಆಸ್ಪತ್ರೆಯಲ್ಲಿ, ಬಳಕೆಯಿಲ್ಲದೆ ಬಿದ್ದಿದ್ದ ಉಗ್ರಾಣದಲ್ಲಿ ಅವರ ಪ್ರಯೋಗಶಾಲೆ. ಉನ್ಮಾದಕ್ಕೆ ದೇಹದೊಳಗಿನ ಯಾವುದೋ ವಿಷ ಕಾರಣ, ಅದು ಮೂತ್ರದಲ್ಲಿ ಸಿಕ್ಕೀತು ಎಂಬುದು ಅವರ ನಂಬಿಕೆ. ಯೂರಿಕ್ ಆಮ್ಲವನ್ನು ಕರಗಿಸಲೆಂದು ಲಿಥಿಯಂ ಲವಣ ಬಳಸಿದಾಗ ಗಿನಿಹಂದಿಗಳು ಮಂಕಾಗಿ ಸುಮ್ಮನೆ ಮಲಗಿದವು. ಮೊದಲು ತಾವೇ ಅದನ್ನು ನುಂಗಿ ನೋಡಿ, ಆಮೇಲೆ 1948ರಲ್ಲಿ ಐದು ವರ್ಷದಿಂದ ಉನ್ಮಾದ ಇಳಿಯದೆ ಆಸ್ಪತ್ರೆಯಲ್ಲೇ ಇದ್ದ 51 ವರ್ಷದ ರೋಗಿಯೊಬ್ಬರಿಗೆ ಕೊಟ್ಟರು. ಕೆಲವೇ ತಿಂಗಳಲ್ಲಿ ಆ ಮನುಷ್ಯ ಮನೆಗೆ ಹೋಗಿ ಹಳೆಯ ಕೆಲಸಕ್ಕೆ ಸೇರಿಕೊಂಡರು. 1949ರ ಸೆಪ್ಟೆಂಬರಿನಲ್ಲಿ ಹತ್ತು ಉನ್ಮಾದ ರೋಗಿಗಳ ವಿವರ ಪ್ರಕಟವಾಯಿತು. ಕೇಡ್ ಅವರ ಸಿದ್ಧಾಂತ ತಪ್ಪು. ಗಿನಿಹಂದಿಗಳು ಮಂಕಾದದ್ದೂ ಬಹುಶಃ ಲವಣದ ಅತಿಯಾದ ಪ್ರಮಾಣದಿಂದ. ಆದರೂ ಮದ್ದು ನಿಜವಾಗಿತ್ತು; ಅದು ಗೊತ್ತಾದದ್ದು ಕೇಡ್ ರೋಗಿಯ ಪಕ್ಕದಲ್ಲಿ ಕೂತು ದಿನದಿನದ ಬದಲಾವಣೆಯನ್ನು ಕಣ್ಣಿಟ್ಟು ನೋಡಿ ಬರೆದಿಟ್ಟಿದ್ದರಿಂದ. ಆ ಮೊದಲ ರೋಗಿ ಮುಂದೆ ಮಾತ್ರೆ ಬಿಟ್ಟರು, ಕಾಯಿಲೆ ಮರುಕಳಿಸಿತು, ಮತ್ತೆ ಶುರುಮಾಡಿದಾಗ ಲಿಥಿಯಂ ವಿಷವೇರಿ 1950ರಲ್ಲಿ ತೀರಿಕೊಂಡರು. ರಕ್ತದಲ್ಲಿ ಅದರ ಮಟ್ಟ ನೋಡುವ ರೂಢಿ ಆಗಿನ್ನೂ ಇರಲಿಲ್ಲ.

ಲಿಥಿಯಂ ಚಿಕಿತ್ಸೆಗೊಂದು ಗಟ್ಟಿ ನೆಲೆ ಕೊಟ್ಟವರು ಡೆನ್ಮಾರ್ಕಿನ ಮೊಗೆನ್ಸ್ ಶೌ. ಅವರ ಸ್ವಂತ ತಮ್ಮನಿಗೇ ಮತ್ತೆಮತ್ತೆ ಖಿನ್ನತೆ ಬರುತ್ತಿತ್ತು, ಲಿಥಿಯಮಿನಿಂದ ನಿಂತಿತು. ಲಂಡನ್ನಿನ ಪಂಡಿತರು 1968ರಲ್ಲಿ ಇದೊಂದು ಕಟ್ಟುಕತೆ ಇರಬಹುದೆಂದು ಬರೆದರು. ಶೌ ಮತ್ತು ಪೌಲ್ ಬಾಸ್ಟ್ರುಪ್ ಉತ್ತರವಾಗಿ 84 ಮಹಿಳೆಯರ ಮೇಲೆ ಕಟ್ಟುನಿಟ್ಟಿನ ಪರೀಕ್ಷೆ ನಡೆಸಿದರು. ಲಿಥಿಯಂ ಮುಂದುವರಿಸಿದ 45 ಜನರಲ್ಲಿ ಒಬ್ಬರಿಗೂ ಕಾಯಿಲೆ ಮರುಕಳಿಸಲಿಲ್ಲ. ಅವರಿಗೆ ಗೊತ್ತಾಗದಂತೆ ಸಪ್ಪೆ ಮಾತ್ರೆ ಕೊಟ್ಟ 39 ಜನರಲ್ಲಿ ಐದು ತಿಂಗಳೊಳಗೆ 21 ಜನಕ್ಕೆ ಮರುಕಳಿಸಿತು. ಇದು 1970ರ ಮಾತು. ಅದಾದ ಮೇಲೆ ವಾದ ಮಾಡುವವರು ಕಡಿಮೆಯಾದರು. ಆತ್ಮಹತ್ಯೆಯ ಅಪಾಯವನ್ನು ಲಿಥಿಯಂ ತಗ್ಗಿಸುತ್ತದೆಂಬುದೂ ಆಮೇಲಿನ ಅಧ್ಯಯನಗಳಲ್ಲಿ ಕಂಡಿದೆ.

ಆದರೂ ಎಲ್ಲರಿಗೂ ಒಂದೇ ಸಮ ಹಿಡಿಸುವುದಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಕಾಯಿಲೆಯೇ ಇಲ್ಲವೆನ್ನುವಷ್ಟು ಚೆನ್ನಾಗಿ ಒಗ್ಗುತ್ತದೆ, ಕೆಲವರಿಗೆ ಅರೆಬರೆ, ಉಳಿದವರಿಗೆ ಏನೂ ಇಲ್ಲ. "ಚೆನ್ನಾಗಿ ಒಗ್ಗಿದೆ" ಎಂಬುದನ್ನು ಅಳೆಯಲು ಕೆನಡಾದ ಮಾರ್ಟಿನ್ ಆಲ್ಡಾ ಅವರ ಹೆಸರಿನ ಮಾಪಕವೊಂದಿದೆ. ಕಾಯಿಲೆ ಎಷ್ಟು ಹಿಡಿತಕ್ಕೆ ಬಂತು ಎಂಬುದಕ್ಕೆ 10ರವರೆಗೆ ಅಂಕ. ಅದರಿಂದ ಕಳೆಯುವುದು ಸಂಶಯದ ಅಂಕಗಳನ್ನು: ಮಾತ್ರೆಗೆ ಮುಂಚೆ ಕಾಯಿಲೆ ಎಷ್ಟು ಸಲ ಬಂದಿತ್ತು, ಎಷ್ಟು ಬೇಗಬೇಗ ಬರುತ್ತಿತ್ತು, ಎಷ್ಟು ಕಾಲ ಮಾತ್ರೆ ನುಂಗಿದ್ದಾರೆ, ತಪ್ಪದೆ ನುಂಗಿದ್ದಾರೆಯೇ, ಜೊತೆಗೆ ಬೇರೆ ಮಾತ್ರೆಗಳಿದ್ದವೇ. ಉಳಿದದ್ದು 7 ಅಥವಾ ಮೇಲಿದ್ದರೆ ಒಗ್ಗಿದೆ ಎಂದರ್ಥ. ಗಮನಿಸಿ, ಇದಿಷ್ಟೂ ಆ ಮನುಷ್ಯನ ವರ್ಷಗಳ ಕತೆಯಿಂದ ಬರುವ ಅಂಕ. ಕತೆ ಸರಿಯಾಗಿ ಬರೆದಿಟ್ಟಿರದಿದ್ದರೆ ಅಂಕವೂ ಅಡ್ಡಾದಿಡ್ಡಿ.

ಮೊದಲೇ ತಿಳಿಯುವ ಪ್ರಯತ್ನಗಳು ಹಲವು ನಡೆದಿವೆ. 2016ರಲ್ಲಿ ಹಲವು ದೇಶಗಳ 22 ಕೇಂದ್ರಗಳಿಂದ 2,563 ರೋಗಿಗಳ ವಂಶವಾಹಿಗಳನ್ನು ಜಾಲಾಡಿದಾಗ 21ನೆಯ ವರ್ಣತಂತುವಿನಲ್ಲಿ ಒಂದು ಜಾಗ ಲಿಥಿಯಮಿನ ಗುಣಕ್ಕೆ ತಳಕು ಹಾಕಿಕೊಂಡಂತೆ ಕಂಡಿತು. ಅದಕ್ಕೂ ಒಂದು ವರ್ಷ ಮುಂಚೆ ಅಮೆರಿಕದ ಸಾಲ್ಕ್ ಸಂಸ್ಥೆಯವರು ಇನ್ನೂ ಸೋಜಿಗದ್ದೊಂದು ಮಾಡಿದ್ದರು. ಬೈಪೋಲಾರ್ ಇರುವ ಆರು ಜನರ ಚರ್ಮದ ಕೋಶಗಳನ್ನು ಕಾಂಡಕೋಶಗಳಾಗಿ ಮಾರ್ಪಡಿಸಿ ಅದರಿಂದ ನರಕೋಶ ಬೆಳೆಸಿದರು. ಆರೂ ಜನರ ನರಕೋಶಗಳು ಅತಿಯಾಗಿ ಮಿಡಿಯುತ್ತಿದ್ದವು. ತಟ್ಟೆಗೆ ಲಿಥಿಯಂ ಬೆರೆಸಿದಾಗ ಮಿಡಿತ ಇಳಿದದ್ದು ಯಾರಿಗೆ ನಿಜ ಜೀವನದಲ್ಲಿ ಲಿಥಿಯಂ ಒಗ್ಗಿತ್ತೋ ಆ ಮೂವರದ್ದು ಮಾತ್ರ! ಬೆಂಗಳೂರಿನಲ್ಲಿಯೂ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ ಕಾಯಿಲೆ ಇರುವ ಕುಟುಂಬಗಳವರ ರಕ್ತದಿಂದ ಕಾಂಡಕೋಶ ಬೆಳೆಸಿ ಇಂಥದೇ ಅಭ್ಯಾಸ ನಡೆಸಿವೆ. ನನಗೆ ಭರವಸೆ ಹುಟ್ಟಿಸುವ ದಾರಿ ಇದು.

ಇಷ್ಟೆಲ್ಲ ನೋಡಿದ ಮೇಲೆ ಬೆರಳಿನ ಪ್ರಶ್ನೆಗೆ ನನ್ನ ಉತ್ತರ ಹೇಳುತ್ತೇನೆ. ಬೆರಳು ಅಳೆದು ಲಿಥಿಯಂ ಕೊಡಿ ಅಥವಾ ಬಿಡಿ ಎನ್ನುವ ಯಾವ ಚಿಕಿತ್ಸಾ ಮಾರ್ಗಸೂಚಿಯೂ ಇಂದು ಇಲ್ಲ. ಗಂಡುಹೆಣ್ಣನ್ನೇ ಸರಿಯಾಗಿ ಬೇರ್ಪಡಿಸಲಾರದ ಅಳತೆ ಒಂದು ಮೆದುಳಿಗೂ ಇನ್ನೊಂದಕ್ಕೂ ಇರುವ ಸೂಕ್ಷ್ಮ ವ್ಯತ್ಯಾಸವನ್ನು ಹೇಳಲಾರದು. ಸಂಶೋಧಕರು ಅಳೆಯಲಿ, ದೊಡ್ಡ ಗುಂಪುಗಳಲ್ಲಿ, ಒಂದೇ ವಿಧಾನದಲ್ಲಿ ಅಳೆಯಲಿ. ಜ್ಞಾನಕ್ಕೆ ಅದು ಬೇಕು. ಹಾರ್ಮೋನಿಗೂ ಈ ಕಾಯಿಲೆಗೂ ಇರುವ ನಂಟನ್ನು ಹುಡುಕುವವರಿಗೆ ಗರ್ಭಕ್ಕಿಂತ ಹೆರಿಗೆಯ ನಂತರದ ವಾರಗಳು ಕಣ್ಣೆದುರೇ ಇವೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿಯ ಹಾರ್ಮೋನುಗಳು ದಿಢೀರನೆ ಇಳಿಯುತ್ತವೆ, ನಿದ್ದೆಯೂ ಕೆಡುತ್ತದೆ. ಬೈಪೋಲಾರ್ ಇರುವ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆಗ ಕಾಯಿಲೆ ತೀವ್ರವಾಗಿ ಮರುಕಳಿಸುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದರಲ್ಲಿ ಇದೂ ಸೇರಿದೆ. ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ನೋಡುವ ವಾರ್ಡು ತೆರೆಯಿತು. ದೇಶದಲ್ಲಿ ಅದೇ ಮೊದಲನೆಯದು. ಬಸುರಿಯಾದಾಗಲೇ ವೈದ್ಯರಿಗೆ ಕಾಯಿಲೆಯ ವಿಷಯ ಹೇಳಿದರೆ ಎಷ್ಟೋ ಅನಾಹುತ ತಪ್ಪುತ್ತದೆ.

ಬೆರಳಿಗಿಂತ ಹೆಚ್ಚು ಹೇಳುವ ಗುರುತುಗಳು ವೈದ್ಯರಿಗೆ ಗೊತ್ತೇ ಇವೆ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಇತ್ತೇ? ಅವರಿಗೆ ಲಿಥಿಯಂ ಒಗ್ಗಿತ್ತೇ? ಒಗ್ಗಿದ್ದರೆ ಇವರಿಗೂ ಒಗ್ಗುವ ಸಂಭವ ಹೆಚ್ಚು. ಮೊದಲು ಉನ್ಮಾದ, ಆಮೇಲೆ ಖಿನ್ನತೆ, ಆಮೇಲೆ ನೆಮ್ಮದಿಯ ದಿನಗಳು ಎಂಬ ಕ್ರಮದಲ್ಲಿ ಬರುವವರಿಗೂ ಒಳ್ಳೆಯದಾಗುವುದು ಹೆಚ್ಚು. ವರ್ಷಕ್ಕೆ ನಾಲ್ಕು ಸಲ ಅಥವಾ ಅದಕ್ಕೂ ಮೇಲೆ ಅಡಿಮೇಲಾಗುವವರಿಗೆ ಕಡಿಮೆ. ನೋಡಿ, ಇವೆಲ್ಲ ಮನೆಯವರ ಬಾಯಿಂದಲೇ ಬರಬೇಕಾದ ವಿವರಗಳು. ಸಂಬಂಧ ಕೆಟ್ಟೀತೆಂದು ಚಿಕ್ಕಪ್ಪನ ಕಾಯಿಲೆಯನ್ನು ಮುಚ್ಚಿಟ್ಟರೆ ಅಣ್ಣನ ಮಗನ ಮದ್ದು ತಡವಾಗುತ್ತದೆ.

ನಮ್ಮ ಬಳಗದ ಒಂದು ಮನೆ ಮೈಸೂರಿನಲ್ಲಿದೆ. ಆ ಮನೆಯ ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ವರ್ಷಗಳಿಂದ ಲಿಥಿಯಂ ನುಂಗುತ್ತಿದ್ದಾರೆ. ಅಡುಗೆಮನೆಯ ಗೋಡೆಗೆ ಎಲ್ಲರ ಮನೆಯಲ್ಲಿರುವಂಥದೇ ಕ್ಯಾಲೆಂಡರು. ತಾರೀಖಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ, ಅದೇ ಚೌಕದ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಇನ್ನೊಂದು ಅಂಕಿ. ಭಾವನನ್ನು ಕೇಳಿದೆ. "ಅವಳು ರಾತ್ರಿ ಎಷ್ಟು ಗಂಟೆ ಮಲಗಿದ್ಲು ಅನ್ನೋದು ಕಣಪ್ಪ" ಎಂದರು. ಕಳೆದ ವರ್ಷದ ಕ್ಯಾಲೆಂಡರನ್ನೂ ಎತ್ತಿಟ್ಟಿದ್ದರು. ಏಳು, ಏಳು, ಆರೂವರೆ ಎಂದು ಸಾಗುತ್ತಿದ್ದ ಅಂಕಿ ಒಂದು ವಾರ ಆರು, ಐದೂವರೆ, ನಾಲ್ಕು ಎಂದು ಇಳಿದಿತ್ತು. "ನಾಲ್ಕು ಗಂಟೆ ಮಲಗಿದ್ರೂ ಸುಸ್ತಿಲ್ಲ ಅವಳಿಗೆ. ರಾತ್ರಿ ಹನ್ನೊಂದಕ್ಕೆ ಬೀರು ಒಪ್ಪ ಮಾಡೋಕೆ ಕೂತ್ಲು. ಬೆಳಗಾಗ್ತಲೇ ಡಾಕ್ಟ್ರಿಗೆ ಫೋನ್ ಮಾಡ್ದೆ." ರಕ್ತ ನೋಡಿದರೆ ಲಿಥಿಯಂ ಮಟ್ಟ ಇಳಿದಿತ್ತು, ಪ್ರಮಾಣ ಸರಿಮಾಡಿದರು, ಅಕ್ಕ ಒಂದು ವಾರ ರಜ ಹಾಕಿ ಮತ್ತೆ ಶಾಲೆಗೆ ಹೋದರು. ಆಸ್ಪತ್ರೆ ಸೇರುವ ಪ್ರಸಂಗವೇ ಬರಲಿಲ್ಲ.

ಅದೇ ಅಕ್ಕನ ಜೊತೆ ಒಮ್ಮೆ ವೈದ್ಯರ ಹತ್ತಿರ ಹೋಗಿದ್ದೆ. "ಎರಡೂ ಕೈ ಮುಂದಕ್ಕೆ ಚಾಚಿ ಮೇಡಂ, ಬೆರಳು ಅಗಲ ಮಾಡಿ" ಎಂದರು. ಚಾಚಿದ ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆಯ ಅಂಚು ಸಣ್ಣಗೆ ಅದುರಿತು.

"ಕಾಫಿ ಲೋಟ ಹಿಡಿಯೋವಾಗ ಚೆಲ್ಲುತ್ತಾ?"

"ತುಂಬಾ ಇದ್ರೆ ಚೆಲ್ಲತ್ತೆ ಡಾಕ್ಟ್ರೇ. ಬೋರ್ಡ್ ಮೇಲೆ ಬರೆಯೋಕೇನೂ ತೊಂದ್ರೆ ಇಲ್ಲ."

"ಈ ನಡುಕ ಹೋದ ತಿಂಗಳು ಇಷ್ಟು ಇರಲಿಲ್ಲ. ನೋವಿಗೆ ಏನಾದ್ರೂ ಮಾತ್ರೆ ತಗೊಂಡ್ರಾ?"

"ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನವರು ಕೊಟ್ರು, ನಾಲ್ಕು ದಿನ ತಗೊಂಡೆ."

ವೈದ್ಯರು ಆ ನೋವಿನ ಮಾತ್ರೆ ನಿಲ್ಲಿಸಿ ರಕ್ತ ಪರೀಕ್ಷೆಗೆ ಬರೆದರು. ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡ ಲಿಥಿಯಮನ್ನು ಹೊರಹಾಕದಂತೆ ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ. ಬೆರಳು ನೋಡುವುದೆಂದರೆ ಇದು. ಹುಟ್ಟುವ ಮುಂಚಿನ ಕತೆ ಕೇಳುವ ಗೋಜಿಲ್ಲ. ಈ ವಾರ ಮೈಯಲ್ಲಿ ಏನಾಗುತ್ತಿದೆ ಎಂದು ಅದುರುವ ಬೆರಳೇ ಹೇಳಿತು.

ಲಿಥಿಯಂ ನುಂಗುವವರ ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು, 1.5 ದಾಟಿದರೆ ವಿಷದ ಲಕ್ಷಣಗಳು ಶುರು. ರಾತ್ರಿಯ ಮಾತ್ರೆ ನುಂಗಿದ 12 ಗಂಟೆಯ ನಂತರ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳೂ ಆಗಾಗ ಆಗಬೇಕು. ಉಪ್ಪು ಒಮ್ಮೆಲೇ ಬಿಡುವುದು, ಏಕಾದಶಿಗೆ ನೀರನ್ನೂ ಮುಟ್ಟದೆ ಉಪವಾಸ ಮಾಡುವುದು, ವಾಂತಿಭೇದಿಯಾದಾಗಲೂ ಮಾತ್ರೆ ನುಂಗುತ್ತಲೇ ವೈದ್ಯರಿಗೆ ಹೇಳದಿರುವುದು, ಇವೆಲ್ಲ ಮಟ್ಟವನ್ನು ಏರಿಸುತ್ತವೆ. ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡ್ ಮಾರಿ, ಸಾವುಗಳಾಗಿ, 1949ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹಿಡಿತದಲ್ಲಿಟ್ಟುಕೊಂಡು ಬಳಸಿದರೆ ಇದರಷ್ಟು ಅಗ್ಗವೂ ಉಪಕಾರಿಯೂ ಆದ ಮದ್ದು ಕಡಿಮೆ. ಅಮೆರಿಕದ ಮನೋವಿಜ್ಞಾನಿ ಕೇ ರೆಡ್‌ಫೀಲ್ಡ್ ಜೇಮಿಸನ್ ತಮಗೇ ಈ ಕಾಯಿಲೆ ಇದೆಯೆಂದು, ಲಿಥಿಯಂ ತಮ್ಮನ್ನು ಉಳಿಸಿತೆಂದು 1995ರ ತಮ್ಮ ಆತ್ಮಕತೆಯಲ್ಲಿ ಬಿಚ್ಚಿ ಹೇಳಿದ್ದಾರೆ.

ಒಂದು ಎಚ್ಚರಿಕೆಯ ಮಾತೂ ಇದೆ. ಮಕ್ಕಳ ಬೆರಳಚ್ಚು ತೆಗೆದು ಬುದ್ಧಿ, ಸ್ವಭಾವ, ಮುಂದಿನ ಓದು ಎಲ್ಲ ಹೇಳುತ್ತೇವೆಂದು ಸಾವಿರಾರು ರೂಪಾಯಿ ಪಡೆಯುವ ಡಿಎಂಐಟಿ ಎಂಬ ಪರೀಕ್ಷೆ ಊರೂರಿಗೂ ಬಂದಿದೆ. ಬೆರಳಿನ ಗೆರೆಗಳು ಗರ್ಭದಲ್ಲೇ ಮೂಡುತ್ತವೆಂಬುದು ನಿಜ. ಆ ನಿಜದ ಬೆನ್ನ ಮೇಲೆ ಈ ವ್ಯಾಪಾರ ನಿಂತಿದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ನಾಳೆ ಇದೇ ಜನ ಬೆರಳು ಅಳೆದು ಮನೋರೋಗ ಹೇಳುತ್ತೇವೆಂದು ಬಂದರೆ ದಯವಿಟ್ಟು ಬಾಗಿಲಿಂದಲೇ ಕಳಿಸಿ.

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಯಾರಿಗಾದರೂ ಈ ಕಾಯಿಲೆ ಇದ್ದರೆ ಕ್ಯಾಲೆಂಡರಿನ ಮೂಲೆಯಲ್ಲಿ ನಿದ್ದೆಯ ಗಂಟೆ ಬರೆದಿಡಿ. ಯಾವ ಮಾತ್ರೆ ಯಾವಾಗ ಶುರುವಾಯಿತು, ಯಾವಾಗ ಬದಲಾಯಿತು ಎಂದು ಬರೆದಿಡಿ. ಮನೆತನದಲ್ಲಿ ಯಾರಿಗೆ ಏನಿತ್ತು, ಯಾವ ಮದ್ದು ಹಿಡಿಸಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ವೈದ್ಯರಿಗೆ ಹೇಳಿ. ಚೆನ್ನಾಗಿದ್ದೀನಲ್ಲ ಎಂದು ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.